ತುಮಕೂರಿಗೆ ಬರೆದುಕೊಟ್ಟರು



ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಎಂದರೆ ಈಗ ನಾಡಿನ ಎಷ್ಟೋ ಜನಕ್ಕೆ ಗೊತ್ತು. 2016ರ ಜನವರಿಯಲ್ಲಿ ಇಲ್ಲಿ ಎಚ್‌ಎಎಲ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಗೆ ಅಡಿಗಲ್ಲು ಬಿತ್ತು. 2023ರ ಫೆಬ್ರವರಿ 6ರಂದು ಕಾರ್ಖಾನೆಯ ಉದ್ಘಾಟನೆಯಾಯಿತು. 615 ಎಕರೆ ಕಾವಲು ಭೂಮಿಗೆ ಬೇಲಿ ಬಂತು, ಅಗಲವಾದ ರಸ್ತೆ ಬಂತು, ಬೇರೆ ಬೇರೆ ರಾಜ್ಯಗಳ ಕೆಲಸಗಾರರು ಬಂದರು. ನಾನು ಈ ಹೊತ್ತು ಮಾತಾಡಬೇಕೆಂದಿರುವುದು ಆ ಕಾರ್ಖಾನೆಯ ಬಗ್ಗೆ ಅಲ್ಲ. ಅದರ ಸುತ್ತಲಿನ ತೆಂಗು ಅಡಿಕೆ ತೋಟಗಳಲ್ಲಿ, ರಾಗಿ ಹೊಲಗಳಲ್ಲಿ ಬದುಕುವ ಜನ ಕಾಯಿಲೆ ಬಿದ್ದಾಗ ಹಿಡಿಯುವ ದಾರಿಯ ಬಗ್ಗೆ.

ಆ ದಾರಿ ನನಗೆ ಚೆನ್ನಾಗಿ ಗೊತ್ತು. ನಾನು ಈ ಭಾಗದಲ್ಲಿ ಪ್ರಾಥಮಿಕ ಶಾಲೆಯ ಮೇಡಂ ಆಗಿ ನಿವೃತ್ತಳಾದವಳು. ಊರಿನಲ್ಲಿ ಯಾರನ್ನೇ ಆಸ್ಪತ್ರೆಗೆ ಕರೆದೊಯ್ಯಬೇಕಾದರೂ "ಮೇಡಂ, ನೀವೂ ಒಂಚೂರು ಬನ್ನಿ, ಚೀಟಿ ಓದಕ್ಕಾಯ್ತದೆ" ಎಂದು ಕರೆಯುತ್ತಾರೆ. ಹೋಗುತ್ತೇನೆ. ಹೀಗೆ ಹೋಗಿ ಹೋಗಿ ಉಪಕೇಂದ್ರದ ಬಾಗಿಲಿನಿಂದ ಹಿಡಿದು ಬೆಂಗಳೂರಿನ ದೊಡ್ಡಾಸ್ಪತ್ರೆಗಳ ಹಜಾರದವರೆಗೆ ಎಲ್ಲ ಕಡೆಯೂ ಕಾದು ಕೂತಿದ್ದೇನೆ. ಅಲ್ಲಿ ಕೂತಾಗ ನನ್ನ ಮನಸ್ಸಿನಲ್ಲಿ ಬಲವಾಗಿ ನಿಂತ ಒಂದು ವಿಷಯವನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಆ ದಾರಿ ಎಂಥದ್ದು ಎಂದು ಹೇಳಬೇಕು. ನಮ್ಮ ಸರ್ಕಾರಿ ಆರೋಗ್ಯ ವ್ಯವಸ್ಥೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದಾರೆ. ಬಯಲು ಸೀಮೆಯ ಲೆಕ್ಕದಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ. ಅದರ ಮೇಲೆ ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ. ಕೊನೆಗೆ ಬೆಂಗಳೂರಿನ ವಿಕ್ಟೋರಿಯಾ, ವಾಣಿವಿಲಾಸ, ಜಯದೇವ, ಕಿದ್ವಾಯಿ, ನಿಮ್ಹಾನ್ಸ್. ಹಳ್ಳಿಯ ಹತ್ತಿರವೇ ಒಂದು ಆರೋಗ್ಯ ಕೇಂದ್ರ ಇರಬೇಕು, ಅದಕ್ಕೆ ಬೆನ್ನಾಗಿ ದೊಡ್ಡ ಆಸ್ಪತ್ರೆ ಇರಬೇಕು ಎಂದು ಇಡೀ ದೇಶಕ್ಕೆ ಬರೆದುಕೊಟ್ಟದ್ದು 1946ರ ಭೋರ್ ಸಮಿತಿಯ ವರದಿ. ನಮ್ಮ ಮೈಸೂರು ಸಂಸ್ಥಾನ ಅದಕ್ಕೂ ಮುಂಚೆಯೇ, 1930ರ ಆಸುಪಾಸಿನಲ್ಲಿ, ರಾಕ್‌ಫೆಲರ್ ಫೌಂಡೇಶನ್ನಿನ ನೆರವು ಪಡೆದು ಮಂಡ್ಯದಲ್ಲಿ ಹಳ್ಳಿಗಳಿಗಾಗಿಯೇ ಆರೋಗ್ಯ ಘಟಕವೊಂದನ್ನು ನಡೆಸಿ ನೋಡಿತ್ತು. ಸುಮಾರು ನೂರು ವರ್ಷದ ಪ್ರಯತ್ನದ ಫಲವನ್ನು ನಾವು ಉಣ್ಣುತ್ತಿದ್ದೇವೆ. ಅದನ್ನು ಮರೆತು ಮಾತಾಡುವುದು ನನಗೆ ಇಷ್ಟವಿಲ್ಲ.

ಕೆಳಗಿನ ಮೆಟ್ಟಿಲುಗಳಲ್ಲಿ ನಡೆಯುವ ಕೆಲಸ ಬಹಳ ದೊಡ್ಡದು. ಗುರುವಾರ ಬಂತೆಂದರೆ ಅಂಗನವಾಡಿಯ ಮುಂದೆ ಕೂಸುಗಳನ್ನು ಎತ್ತಿಕೊಂಡ ತಾಯಂದಿರ ಸಾಲು. ಸಿಸ್ಟರ್ ಐಸ್ ಡಬ್ಬಿಯಿಂದ ಲಸಿಕೆ ತೆಗೆಯುತ್ತಾರೆ, ಆಶಾ ಕಾರ್ಯಕರ್ತೆ ಯಾವ ಮನೆಯ ಮಗು ಬರಲಿಲ್ಲ ಎಂದು ಪುಸ್ತಕ ನೋಡಿ ಫೋನು ಹಚ್ಚುತ್ತಾರೆ. ಪ್ರತಿ ತಿಂಗಳ 9ನೇ ತಾರೀಕು ಬಸುರಿ ಹೆಂಗಸರ ತಪಾಸಣೆ. ಬಿಪಿ, ಸಕ್ಕರೆ ಕಾಯಿಲೆಯ ನಮ್ಮ ಅಜ್ಜಂದಿರು, ಅಜ್ಜಿಯರು ತಿಂಗಳಿಗೊಮ್ಮೆ ಹೋಗಿ ಮಾತ್ರೆ ತರುತ್ತಾರೆ. ಕ್ಷಯದವರಿಗೆ ಆರು ತಿಂಗಳ ಮಾತ್ರೆಯೂ ಪುಕ್ಕಟೆ, ಊಟದ ಪೌಷ್ಟಿಕತೆಗೆಂದು ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರಿನಿಂದ 1,000 ಮಾಡಿದ್ದಾರೆ. ನಾಯಿ ಕಚ್ಚಿದರೆ ಅದೇ ದಿನ, ಆಮೇಲೆ 3, 7 ಮತ್ತು 28ನೇ ದಿನ ಚರ್ಮದಡಿಗೆ ಸೂಜಿ. ಮಗು ಆಡಿಕೊಂಡಿದೆ ಎಂದು ಕೊನೆಯ ಸೂಜಿಯನ್ನು ಬಿಟ್ಟುಬಿಡುವ ಮನೆಗಳಿವೆ. ದಯವಿಟ್ಟು ಬಿಡಬೇಡಿ. ಹುಚ್ಚುನಾಯಿ ರೋಗ ಒಮ್ಮೆ ಕಾಣಿಸಿಕೊಂಡರೆ ಆಮೇಲೆ ಯಾವ ಮೆಟ್ಟಿಲಿನಲ್ಲೂ ಔಷಧಿ ಇಲ್ಲ.

ಇವೆಲ್ಲ ಒಂದೇ ಜಾಗದಲ್ಲಿ ಶುರುವಾಗಿ ಅಲ್ಲೇ ಮುಗಿಯುವ ಕೆಲಸಗಳು. ಒಂದು ಕಡೆ ಚಿಕಿತ್ಸೆ ಮುಗಿಯದೆ, ಇನ್ನೊಂದು ಕಡೆಗೆ ಕಳಿಸಬೇಕಾಗಿ ಬಂದಾಗ ಕಷ್ಟ ಶುರುವಾಗುತ್ತದೆ. ನಮ್ಮ ಕಡೆ ಅದಕ್ಕೆ ಒಂದು ಮಾತಿದೆ. "ಏನಾಯ್ತು ಆಸ್ಪತ್ರೇಲಿ?" ಎಂದು ಕೇಳಿದರೆ, "ತುಮಕೂರಿಗೆ ಬರ್ಕೊಟ್ರು ಮೇಡಂ" ಅನ್ನುತ್ತಾರೆ. ತುಮಕೂರಿನಲ್ಲಿ ಇರುವವರು "ಬೆಂಗ್ಳೂರಿಗೆ ಬರ್ಕೊಟ್ರು" ಅನ್ನುತ್ತಾರೆ. ಆ ಮಾತು ಹೇಳುವಾಗ ಅವರ ಮುಖ ಹೇಗಿರುತ್ತದೆ ಎಂದು ನೋಡಿದವರಿಗೆ ಗೊತ್ತು. ಯಾವ ಬಸ್ಸು, ಯಾರ ಕೈಲಿ ದುಡ್ಡು ಕೇಳಬೇಕು, ಹಸು ಕರೆಯುವವರು ಯಾರು, ಅಲ್ಲಿ ಹೋದರೆ ಯಾರನ್ನು ಕಾಣಬೇಕು ಎಂಬ ಎಲ್ಲ ಪ್ರಶ್ನೆಗಳೂ ಒಟ್ಟಿಗೇ ಆ ಮುಖದ ಮೇಲೆ ಬಂದು ನಿಂತಿರುತ್ತವೆ.

ಬರೆದುಕೊಡುವುದು ತಪ್ಪಲ್ಲ. ಎಲ್ಲ ಕಾಯಿಲೆಗೂ ಎಲ್ಲ ಕಡೆ ಚಿಕಿತ್ಸೆ ಕೊಡಲು ಯಾವ ದೇಶಕ್ಕೂ ಆಗುವುದಿಲ್ಲ. ಹಳ್ಳಿಯ ವೈದ್ಯರು ಸರಿಯಾದ ಹೊತ್ತಿಗೆ, ತಡಮಾಡದೆ ಮೇಲಕ್ಕೆ ಕಳಿಸುವುದೇ ಎಷ್ಟೋ ಜೀವ ಉಳಿಸಿದೆ. ಆದರೆ ಕಳಿಸಿದವರ ಕೆಲಸ ಚೀಟಿ ಬರೆದಲ್ಲಿಗೆ ಮುಗಿಯುತ್ತದೆ, ಬರಮಾಡಿಕೊಳ್ಳುವವರ ಕೆಲಸ ಹೊಸ ಚೀಟಿ ಮಾಡಿಸಿದ ಮೇಲೆ ಶುರುವಾಗುತ್ತದೆ. ನಡುವಿನ ಹೊತ್ತು ಯಾರಿಗೂ ಸೇರಿದ್ದಲ್ಲ. ಆ ಹೊತ್ತಿನಲ್ಲಿ ರೋಗಿ ಒಬ್ಬಂಟಿ. ನನ್ನ ಅನುಭವದಲ್ಲಿ ನಮ್ಮ ಜನ ಸರ್ಕಾರಿ ಆಸ್ಪತ್ರೆಯ ಮೇಲೆ ನಂಬಿಕೆ ಕಳೆದುಕೊಳ್ಳುವುದು ಆಸ್ಪತ್ರೆಯ ಒಳಗೆ ಅಷ್ಟಾಗಿ ಅಲ್ಲ, ಎರಡು ಆಸ್ಪತ್ರೆಗಳ ನಡುವೆ.

ಒಂದು ಸಂಗತಿ ಹೇಳುತ್ತೇನೆ. ನಮ್ಮ ಪಕ್ಕದ ತೋಟದಲ್ಲಿ ಕಾಯಿ ಕೀಳುತ್ತಿದ್ದ ಹುಡುಗ ಮರದಿಂದ ಬಿದ್ದ. ಈ ಸೀಮೆಯಲ್ಲಿ ಇದು ಅಪರೂಪದ ಸುದ್ದಿಯಲ್ಲ. ಸೊಂಟದ ಹತ್ತಿರ ಏಟು, ಕಾಲು ಆಡುತ್ತಿಲ್ಲ. ಬೆನ್ನು ಬಗ್ಗದಂತೆ ಹಲಗೆಯ ಮೇಲೆ ಮಲಗಿಸಬೇಕು ಎಂದು ಹೇಳಿ 108ಕ್ಕೆ ಫೋನು ಮಾಡಿದೆವು. ಆಂಬುಲೆನ್ಸ್ ಬಂತು, ಅದರ ಜೊತೆ ಬಂದ ಸಿಬ್ಬಂದಿ ಜೋಪಾನವಾಗಿ ಸಾಗಿಸಿದರು. ಮೊದಲ ಆಸ್ಪತ್ರೆಯಲ್ಲಿ ನೋವಿಗೆ ಸೂಜಿ ಕೊಟ್ಟು, ಗ್ಲೂಕೋಸ್ ಹಾಕಿ, ಮುಂದಕ್ಕೆ ಬರೆದುಕೊಟ್ಟರು. ಎಲ್ಲವೂ ಸರಿಯಾಗಿಯೇ ನಡೆದಿತ್ತು. ಚೀಟಿ ತೆಗೆದು ನೋಡಿದೆ. "ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಿದೆ" ಎಂಬರ್ಥದ ಇಂಗ್ಲಿಷಿನ ಒಂದೇ ಸಾಲು. ಯಾವ ಸೂಜಿ ಕೊಟ್ಟರು, ಎಷ್ಟು ಹೊತ್ತಿಗೆ ಕೊಟ್ಟರು, ಬಿಪಿ ಎಷ್ಟಿತ್ತು, ಕಾಲಿನ ಸ್ಪರ್ಶ ಹೇಗಿತ್ತು, ಯಾವುದೂ ಇರಲಿಲ್ಲ. ಮುಂದಿನ ಆಸ್ಪತ್ರೆಯಲ್ಲಿ, ಅದರ ಹೆಸರು ನಾನು ಹೇಳುವುದಿಲ್ಲ, "ಯಾರ್ರಿ ಕಳಿಸಿದ್ದು? ನಮಗೆ ಫೋನ್ ಬಂದಿಲ್ಲ" ಎಂದರು. ಅವರು ಸಿಟ್ಟಾದದ್ದರಲ್ಲೂ ಅರ್ಥವಿತ್ತು. ಆ ಹೊತ್ತಿಗೆ ಅಲ್ಲಿ ಮೂಳೆ ವೈದ್ಯರು ಇನ್ನೊಂದು ಶಸ್ತ್ರಚಿಕಿತ್ಸೆಯಲ್ಲಿದ್ದರು. ಮೊದಲೇ ತಿಳಿದಿದ್ದರೆ ಅವರಾದರೂ ಸಿದ್ಧವಾಗುತ್ತಿದ್ದರು, ಇಲ್ಲವೇ ಬೇರೆ ಕಡೆಗೆ ನೇರ ಕಳಿಸಿ ಎನ್ನುತ್ತಿದ್ದರು. ಹುಡುಗನ ತಾಯಿ ಸ್ಟ್ರೆಚರ್ ಹಿಡಿದು ನಿಂತಿದ್ದಳು. ಮತ್ತೆ ಅದೇ ಪ್ರಶ್ನೆಗಳು, ಅವೇ ಪರೀಕ್ಷೆಗಳು. ಹುಡುಗ ಈಗ ನಡೆಯುತ್ತಾನೆ, ಮರ ಹತ್ತುವುದಿಲ್ಲ. ಅವನಿಗೆ ಚಿಕಿತ್ಸೆ ಕೊಟ್ಟ ವೈದ್ಯರ ಬಗ್ಗೆ ನನಗೆ ಗೌರವವಿದೆ. ಆ ರಾತ್ರಿ ಅವರಿಗೂ ಅವನಿಗೂ ನಡುವೆ ಕಳೆದುಹೋದ ಹೊತ್ತಿನ ಬಗ್ಗೆ ನನಗೆ ಇವತ್ತಿಗೂ ಸಂಕಟವಿದೆ.

ನಮ್ಮ ಜಿಲ್ಲೆ ಇದಕ್ಕಿಂತ ಬಹಳ ದೊಡ್ಡ ನೋವನ್ನು ಕಂಡಿದೆ. 2022ರ ನವೆಂಬರ್ ತಿಂಗಳ ಮೊದಲ ವಾರ. ತುಮಕೂರಿನ ಭಾರತಿನಗರದಲ್ಲಿದ್ದ, ತಮಿಳುನಾಡಿನಿಂದ ಬಂದು ನೆಲೆಸಿದ್ದ ಬಡ ಗರ್ಭಿಣಿಯೊಬ್ಬಳು. ಹೊಟ್ಟೆಯಲ್ಲಿ ಅವಳಿ ಕೂಸು. ನೋವು ಬಂದಾಗ ನೆರೆಹೊರೆಯವರು ದುಡ್ಡು ಕೂಡಿಸಿ ಆಟೋದಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಬಸುರಿಯರಿಗೆ ಕೊಡುವ ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಎಂದು ದಾಖಲು ಮಾಡಿಕೊಳ್ಳಲಿಲ್ಲ, ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗಲು ಹೇಳಿದರು ಎಂದು ಆಗ ಪತ್ರಿಕೆಗಳಲ್ಲೆಲ್ಲ ವರದಿಯಾಯಿತು. ಬೆಂಗಳೂರಿಗೆ 70 ಕಿಲೋಮೀಟರ್. ಅವಳ ಕೈಯಲ್ಲಿ ಅಷ್ಟು ಹಣ ಇರಲಿಲ್ಲ. ಅವಳು ಮನೆಗೆ ವಾಪಸ್ಸಾದಳು. ಮಾರನೆಯ ದಿನ ಮನೆಯಲ್ಲೇ ಹೆರಿಗೆಯಾಗಿ ತಾಯಿಯೂ ಎರಡು ಕೂಸುಗಳೂ ತೀರಿಕೊಂಡರು. ಅವಳ ಮೊದಲಿನ ಸಣ್ಣ ಹೆಣ್ಣು ಮಗು ಉಳಿಯಿತು. ವೈದ್ಯರನ್ನೂ ಶುಶ್ರೂಷಕಿಯರನ್ನೂ ಅಮಾನತು ಮಾಡಿದರು, ಆರೋಗ್ಯ ಸಚಿವರು ಬಂದರು, ದಾಖಲೆ ಇಲ್ಲವೆಂಬ ಕಾರಣಕ್ಕೆ ತುರ್ತು ಚಿಕಿತ್ಸೆ ನಿರಾಕರಿಸಕೂಡದು ಎಂದು ಸರ್ಕಾರ ಸ್ಪಷ್ಟಪಡಿಸಿತು.

ಆ ತಾಯಿಯ ಸಾವಿನ ಬಗ್ಗೆ ಮಾತಾಡಿದವರೆಲ್ಲ ಕಾರ್ಡಿನ ಬಗ್ಗೆ ಮಾತಾಡಿದರು. ಅದು ಸರಿಯೇ. ನನಗೆ ಕಾಡುವುದು ಅದರ ಮುಂದಿನ ಗಳಿಗೆ. ಅವಳನ್ನು ಕಳಿಸಿಯಾಯಿತು. ಅವಳು ತಲುಪಿದಳೇ ಎಂದು ಯಾರಾದರೂ ಕೇಳಿದ್ದರೆ? ಬೆಂಗಳೂರಿನ ಆ ಆಸ್ಪತ್ರೆಗೆ ಒಂದು ಫೋನು ಹೋಗಿ, "ಅವಳಿ ಗರ್ಭಿಣಿ ಬರುತ್ತಿದ್ದಾಳೆ, ಎರಡು ಗಂಟೆಯಲ್ಲಿ ಬರದಿದ್ದರೆ ತಿಳಿಸಿ" ಎಂದು ಹೇಳಿದ್ದರೆ? ಭಾರತಿನಗರದ ಆಶಾ ಕಾರ್ಯಕರ್ತೆಗೆ ಒಂದು ಸುದ್ದಿ ಮುಟ್ಟಿದ್ದರೆ? 108 ಆಂಬುಲೆನ್ಸು ಒಂದು ಆಸ್ಪತ್ರೆಯಿಂದ ಇನ್ನೊಂದು ಆಸ್ಪತ್ರೆಗೂ ಸಾಗಿಸುತ್ತದೆ. 2011ರ ಜೂನಿನಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧಿ, ರಕ್ತ, ಪರೀಕ್ಷೆ, ಊಟ ಎಲ್ಲ ಉಚಿತ. ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮೇಲಿನ ಆಸ್ಪತ್ರೆಗೆ, ಕೊನೆಗೆ ಮನೆಗೆ ಸಾಗಿಸುವುದೂ ಉಚಿತ. ಬಾಣಂತಿಯನ್ನೂ ಕೂಸನ್ನೂ ಮನೆ ಮುಟ್ಟಿಸಲು ನಮ್ಮ ರಾಜ್ಯದಲ್ಲಿ ನಗು-ಮಗು ಎಂಬ ಬೇರೆ ಗಾಡಿಯೇ ಇದೆ. ಎಲ್ಲವೂ ಇತ್ತು. ಒಂದನ್ನು ಇನ್ನೊಂದಕ್ಕೆ ಸೇರಿಸುವ ಮನುಷ್ಯರು ಆ ರಾತ್ರಿ ಇರಲಿಲ್ಲ.

ಆಸ್ಪತ್ರೆಗಳನ್ನು ಒಂದಕ್ಕೊಂದು ಜೋಡಿಸಬೇಕೆಂಬ ಈ ಮಾತನ್ನು ನಮ್ಮ ದೇಶದ ಅತಿ ದೊಡ್ಡ ನ್ಯಾಯಾಲಯ ಎಂದೋ ಹೇಳಿದೆ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ಒಬ್ಬ ವ್ಯಕ್ತಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಕಲ್ಕತ್ತೆಯ ಒಂದರ ಹಿಂದೊಂದು ಸರ್ಕಾರಿ ಆಸ್ಪತ್ರೆಗೆ ಅವನನ್ನು ಹೊತ್ತು ತಿರುಗಿದರು. ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ ಎಂದರು. ಕೊನೆಗೆ ಖಾಸಗಿ ಆಸ್ಪತ್ರೆ ಸೇರಿದ. ಅವನು ಸದಸ್ಯನಾಗಿದ್ದ ಕೃಷಿ ಕೂಲಿಕಾರರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಮೇ ತಿಂಗಳಲ್ಲಿ ತೀರ್ಪು ಬಂತು. ತುರ್ತು ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿಗೆ ಭಂಗ ಎಂದು ನ್ಯಾಯಾಲಯ ಹೇಳಿತು. ಈ ಭಾಗ ಹಲವರಿಗೆ ಗೊತ್ತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇದೆ ಎಂದು ತಕ್ಷಣ ತಿಳಿಯುವಂಥ ಸಂಪರ್ಕ ವ್ಯವಸ್ಥೆ ಇರಬೇಕು, ರೋಗಿಯನ್ನು ಸಾಗಿಸಲು ಸಜ್ಜಾದ ಆಂಬುಲೆನ್ಸ್ ಇರಬೇಕು ಎಂದು. ಆಗ ನಮ್ಮ ಹಳ್ಳಿಗಳಲ್ಲಿ ಫೋನು ಇದ್ದದ್ದೇ ಒಂದೋ ಎರಡೋ ಮನೆಯಲ್ಲಿ. ಈಗ ಕುರಿ ಕಾಯುವವರ ಕೈಯಲ್ಲೂ ಮೊಬೈಲು ಇದೆ.

ಹೀಗೆ ಜೋಡಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆ ಇದೆ. ಅದನ್ನು ಹೇಳುವಾಗ ನನಗೆ ನಿಜವಾಗಿ ಸಂತೋಷವಾಗುತ್ತದೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೃದಯ ಸ್ತಂಭನದಿಂದ ತೀರಿಕೊಂಡರು. ಅವರ ಹೆಸರಿನಲ್ಲಿ 2023ರ ನವೆಂಬರಿನಲ್ಲಿ ಹೃದಯ ಜ್ಯೋತಿ ಯೋಜನೆ ಶುರುವಾಯಿತು. ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವರಿಗೆ ಕೂಡಲೇ ಇಸಿಜಿ ಮಾಡುತ್ತಾರೆ. ಆ ಇಸಿಜಿ ಗಳಿಗೆಯಲ್ಲಿ ಜಯದೇವದಂಥ ದೊಡ್ಡ ಹೃದ್ರೋಗ ಕೇಂದ್ರದ ತಜ್ಞರ ಕಣ್ಣಿಗೆ ಬೀಳುತ್ತದೆ. ಹೃದಯಾಘಾತ ಎಂದು ಅವರು ಖಚಿತಪಡಿಸಿದರೆ, ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಸೂಜಿಯನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಆಮೇಲೆ ರೋಗಿಯನ್ನು ದೊಡ್ಡ ಕೇಂದ್ರಕ್ಕೆ ಸಾಗಿಸುತ್ತಾರೆ. ಇಲ್ಲಿ ಏನಾಯಿತು ನೋಡಿ. ರೋಗಿಗಿಂತ ಮೊದಲು ರೋಗಿಯ ವಿಷಯ ತಲುಪಿತು. ಮೇಲಿನವರು ಕಾದಿದ್ದಾರೆ, ಕೆಳಗಿನವರು ಸುಮ್ಮನೆ ಚೀಟಿ ಬರೆಯದೆ ಮುಖ್ಯವಾದ ಚಿಕಿತ್ಸೆಯನ್ನು ತಾವೇ ಕೊಟ್ಟು ಕಳಿಸಿದ್ದಾರೆ. ಹೃದಯಕ್ಕೆ ಸಾಧ್ಯವಾದದ್ದು ಹೆರಿಗೆಗೆ, ತಲೆಯ ಏಟಿಗೆ, ಹಾವಿನ ಕಡಿತಕ್ಕೆ ಯಾಕೆ ಸಾಧ್ಯವಾಗಬಾರದು?

ಹಾವಿನ ಮಾತು ಬಂತು. ಅಡಿಕೆ ತೋಟದ ಒಣ ಸೋಗೆಯ ಕೆಳಗೆ, ಕೊಬ್ಬರಿಗೆಂದು ಕಾಯಿ ಹಾಕಿದ ಅಟ್ಟದ ಮೂಲೆಯಲ್ಲಿ, ರಾಗಿ ಮೆದೆಯಲ್ಲಿ ಹಾವು ಇರುವ ಸೀಮೆ ನಮ್ಮದು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ನಮ್ಮಲ್ಲಿ ಸಿಗುವ ವಿಷಪ್ರತಿರೋಧಕ ಔಷಧಿ ಒಂದೇ. ಹಾಗಾಗಿ ಹಾವನ್ನು ಹೊಡೆದು ಚೀಲದಲ್ಲಿ ತರಬೇಕಾಗಿಲ್ಲ. ಕೊಳಕುಮಂಡಲದ ವಿಷ ಏರಿದೆಯೇ ಎಂದು ತಿಳಿಯಲು ದೊಡ್ಡ ಯಂತ್ರವೂ ಬೇಡ. ಸ್ವಲ್ಪ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲ್ಲಾಡಿಸದೆ ಇಟ್ಟು, ಹೆಪ್ಪುಗಟ್ಟಿತೇ ಎಂದು ನೋಡುತ್ತಾರೆ. ಇದನ್ನು ಯಾವ ಸಣ್ಣ ಆಸ್ಪತ್ರೆಯಲ್ಲೂ ಮಾಡಬಹುದು. ವಿಷದ ಲಕ್ಷಣ ಇದ್ದರೆ ಮೊದಲ ಕಂತಿನ ಔಷಧಿ ಕೊಟ್ಟೇ ಮುಂದಕ್ಕೆ ಕಳಿಸಬೇಕು ಎಂಬುದು ಸರಿಯಾದ ಕ್ರಮ. ಕೊಡದೆ ಕಳಿಸಿದರೆ ಗುಬ್ಬಿಯಿಂದ ತುಮಕೂರಿನ ಇಪ್ಪತ್ತು ಕಿಲೋಮೀಟರೂ ವಿಷದ ಪಾಲು. ನಾಗರ, ಕಟ್ಟುಹಾವು ಕಚ್ಚಿ ರೆಪ್ಪೆ ಜೋತು ಬಿದ್ದರೆ, ಮಾತು ತೊದಲಿದರೆ, ಉಸಿರಾಟಕ್ಕೆ ಯಂತ್ರ ಬೇಕಾಗಬಹುದು. ಅಂಥವರನ್ನು ಕಳಿಸುವಾಗ ಗಾಡಿಯಲ್ಲಿ ಆಮ್ಲಜನಕವೂ, ಉಸಿರು ಕೊಡಲು ಬಲ್ಲವರೂ ಇರಬೇಕು. ನಾವು ಊರಿನವರು ಮಾಡಬೇಕಾದದ್ದೂ ಇದೆ. ಹಗ್ಗ ಬಿಗಿಯುವುದು, ಬ್ಲೇಡು ಹಾಕುವುದು, ಮಂತ್ರ ಹಾಕಿಸಲು ಅರ್ಧ ದಿನ ಕಳೆಯುವುದು ಇವು ಮೂರನ್ನೂ ಬಿಡಬೇಕು.

ಇನ್ನು ಚಿಕಿತ್ಸೆಯ ಖರ್ಚಿಗೆ ಸರ್ಕಾರ ಕೊಡುವ ಆರೋಗ್ಯ ಕಾರ್ಡಿನ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಖರ್ಚಿನ ಶೇಕಡ 30ರಂತೆ ಒಂದೂವರೆ ಲಕ್ಷದವರೆಗೆ. ದೊಡ್ಡ ಶಸ್ತ್ರಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯಿಂದ ಬರೆಸಿಕೊಂಡು ಹೋಗಬೇಕು, ತುರ್ತಾದರೆ ಬರೆಸುವುದು ಬೇಡ. ಈ ಒಂದು ವಾಕ್ಯ ಗೊತ್ತಿಲ್ಲದೆ ಜಮೀನು ಅಡ ಇಟ್ಟವರನ್ನು ನಾನು ಬಲ್ಲೆ. ನೇರವಾಗಿ ಖಾಸಗಿಗೆ ಹೋಗಿ, ದಾಖಲಾಗಿ, ಆಮೇಲೆ "ಕಾರ್ಡ್ ನಡೆಯಲ್ಲ, ಬರೆಸಿಕೊಂಡು ಬನ್ನಿ" ಎನ್ನಿಸಿಕೊಂಡು, ಮಗ ಅಲ್ಲಿಂದ ಬಸ್ಸಿನಲ್ಲಿ ಚೀಟಿಗೆಂದು ಓಡಿ ಬರುವುದನ್ನೂ ನೋಡಿದ್ದೇನೆ. ನೀವು ಯಾರಾದರೂ ಅನುಮಾನದಲ್ಲಿದ್ದರೆ 104ಕ್ಕೆ ಫೋನು ಮಾಡಿ ಕೇಳಿ. ಆ ಕರೆಗೆ ದುಡ್ಡಿಲ್ಲ.

ಕಾರ್ಖಾನೆ ಬಂದ ಊರುಗಳಲ್ಲಿ, ರಸ್ತೆ ಕೆಲಸ ನಡೆಯುವ ಕಡೆ, ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶದಲ್ಲಿ ಬೇರೆ ರಾಜ್ಯದ ಕುಟುಂಬಗಳು ಬಂದು ಶೆಡ್ಡಿನಲ್ಲಿ ಇರುತ್ತವೆ. ಅವರ ಹೆಣ್ಣುಮಕ್ಕಳು ಬಸುರಿಯಾದರೆ ತಾಯಿ ಕಾರ್ಡ್ ಕೊಡಿಸಲು ನಮ್ಮೂರಿನ ವಿಳಾಸ ಬೇಕೇ ಬೇಕು ಎಂದು ಅವರೂ ಅಂದುಕೊಂಡಿರುತ್ತಾರೆ, ನಾವೂ ಅಂದುಕೊಂಡಿರುತ್ತೇವೆ. ಆಶಾ ಕಾರ್ಯಕರ್ತೆಗೆ ಒಂದು ಮಾತು ತಿಳಿಸಿದರೆ ಸಾಕು, ಅವರು ಹೋಗಿ ಹೆಸರು ಬರೆದುಕೊಳ್ಳುತ್ತಾರೆ. ಭಾರತಿನಗರದ ಆ ತಾಯಿಯ ಹೆಸರು ಯಾವ ಪುಸ್ತಕದಲ್ಲಾದರೂ ಇದ್ದಿದ್ದರೆ ಎಂದು ನಾನು ಮತ್ತೆ ಮತ್ತೆ ಯೋಚಿಸುತ್ತೇನೆ.

ಆಶಾ ಕಾರ್ಯಕರ್ತೆಯರ ಬಗ್ಗೆ ಬೇರೆಯಾಗಿಯೇ ಹೇಳಬೇಕು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಸಾವಿರ ಜನಕ್ಕೆ ಒಬ್ಬರಂತೆ, ಆ ಊರಿನಲ್ಲೇ ಇರುವ ಹೆಂಗಸೇ ಆಗಿರಬೇಕೆಂದು ಅವರನ್ನು ಆರಿಸಿದರು. ನಾನು ಹೇಳಿದ ಆ ನಡುವಿನ ಹೊತ್ತಿನಲ್ಲಿ ರೋಗಿಯ ಜೊತೆ ನಿಜವಾಗಿ ನಡೆಯುವವರು ಇವರೊಬ್ಬರೇ. ಹೆರಿಗೆ ನೋವು ಬಂದ ರಾತ್ರಿ ಆಂಬುಲೆನ್ಸಿನಲ್ಲಿ ಜೊತೆಗೆ ಕೂರುತ್ತಾರೆ. "ಅಕ್ಕ, ನೀನ್ ಬಂದ್ರೆ ನಂಗೆ ಧೈರ್ಯ" ಎಂದು ಚೊಚ್ಚಲ ಬಸುರಿ ಕೈ ಹಿಡಿದರೆ ಬಿಡಿಸಿಕೊಂಡು ಬರುವ ಹೆಂಗಸು ನಮ್ಮಲ್ಲಿ ಇಲ್ಲ. ಆಸ್ಪತ್ರೆಯಲ್ಲಿ ಅವರಿಗೆ ಒಂದು ಕುರ್ಚಿ ಇರುವುದಿಲ್ಲ, ರಾತ್ರಿ ಮಲಗಲು ಜಾಗ ಇರುವುದಿಲ್ಲ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಹಗಲು ರಾತ್ರಿ ಧರಣಿ ಕೂತು ಕೇಳಿದ್ದು, ಖಚಿತವಾಗಿ ಕೈಗೆ ಸೇರುವ ಒಂದು ಮೊತ್ತವನ್ನು. ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆದು ಎದ್ದರು. ಎರಡು ಆಸ್ಪತ್ರೆಗಳ ನಡುವೆ ಸೇತುವೆಯಾಗಿ ನಿಂತವರಿಗೆ ಕೊಡುವ ಹಣವನ್ನು ಪ್ರೋತ್ಸಾಹಧನ ಎಂದು ಲೆಕ್ಕ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಅದು ಸಂಬಳವಾಗಬೇಕು.

ಆಸ್ಪತ್ರೆಗಳನ್ನು ಜೋಡಿಸುವ ಈ ಕೆಲಸವನ್ನು ಬೇರೆ ದೇಶಗಳು ಹೇಗೆ ಮಾಡಿದವು ಎಂದು ಓದಿದ್ದೇನೆ. ಥಾಯ್ಲೆಂಡಿನಲ್ಲೂ ನಮ್ಮಂತೆಯೇ ಹಳ್ಳಿಗಳು ಬಹಳ. 2001ರಲ್ಲಿ ಅಲ್ಲಿ 30 ಬಾತ್ ಕೊಟ್ಟರೆ ಎಲ್ಲ ಚಿಕಿತ್ಸೆ ಎಂಬ ಯೋಜನೆ ತಂದರು. ಜನರನ್ನು ಅವರ ಹತ್ತಿರದ ಆಸ್ಪತ್ರೆಗೆ ನೋಂದಾಯಿಸಿ, ಮೇಲಕ್ಕೆ ಕಳಿಸುವ ಜವಾಬ್ದಾರಿಯನ್ನು ಆ ಆಸ್ಪತ್ರೆಯ ಮೇಲೆಯೇ ಇಟ್ಟರು. ಹಳ್ಳಿಹಳ್ಳಿಯಲ್ಲಿ ಆರೋಗ್ಯ ಸ್ವಯಂಸೇವಕರು. ನಮ್ಮಲ್ಲಿ ಈಗ ಆಭಾ ಎಂಬ 14 ಅಂಕಿಯ ಆರೋಗ್ಯ ಸಂಖ್ಯೆ ಕೊಡುತ್ತಿದ್ದಾರೆ. ಒಂದು ಆಸ್ಪತ್ರೆಯಲ್ಲಿ ಮಾಡಿದ ಪರೀಕ್ಷೆ ಇನ್ನೊಂದರಲ್ಲಿ ಕಾಣಬೇಕು ಎಂಬುದು ಅದರ ಉದ್ದೇಶ. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಇ-ಸಂಜೀವಿನಿಯಲ್ಲಿ ದೂರದ ವೈದ್ಯರನ್ನು ಪರದೆಯ ಮೇಲೆ ಕರೆದು ನಮ್ಮ ಅಜ್ಜಿಯರ ಜೊತೆ ಮಾತಾಡಿಸುತ್ತಾರೆ. ಒಬ್ಬ ಅಜ್ಜಿ ಪರದೆಗೆ ಕೈ ಮುಗಿದದ್ದನ್ನು ನೋಡಿದೆ. ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣನ್ನು ವೈದ್ಯರು ಹತ್ತಿರದಿಂದ ತೋರಿಸಿ ಎಂದರು, ನೋಡಿ ಕೂಡಲೇ ಕಳಿಸಿ ಎಂದರು. ಅಜ್ಜಿಯ ಬೆರಳು ಉಳಿಯಿತು. ಸಾಧನಗಳು ಬಂದಿವೆ.

ಇಷ್ಟಾದ ಮೇಲೆ ನಾನು ಕೇಳಿಕೊಳ್ಳುವುದು ದೊಡ್ಡ ಕಟ್ಟಡವನ್ನಲ್ಲ. ಒಂದು ಒಳ್ಳೆಯ ಚೀಟಿಯನ್ನು. ಮೇಲಕ್ಕೆ ಕಳಿಸುವಾಗ ರೋಗಿ ಯಾಕೆ ಬಂದ, ಏನು ಕಂಡಿರಿ, ಯಾವ ಔಷಧಿ ಎಷ್ಟು ಹೊತ್ತಿಗೆ ಕೊಟ್ಟಿರಿ, ಅಲ್ಲಿ ಯಾರ ಜೊತೆ ಮಾತಾಡಿದಿರಿ ಇಷ್ಟು ಬರೆಯಿರಿ, ಕೆಳಗೆ ನಿಮ್ಮ ಆಸ್ಪತ್ರೆಯ ಫೋನ್ ನಂಬರ್ ಹಾಕಿ. ಒಮ್ಮೆ ಒಬ್ಬ ಸ್ಟಾಫ್ ನರ್ಸ್ ಹೀಗೆ ಬರೆದುಕೊಟ್ಟು, ರಾತ್ರಿ ಹನ್ನೊಂದಕ್ಕೆ ತಾವೇ ಫೋನು ಮಾಡಿ, "ತಲುಪಿದ್ರಾ ಅಮ್ಮ? ಬೆಡ್ ಸಿಕ್ತಾ?" ಎಂದು ಕೇಳಿದರು. ಆ ಮನೆಯವರು ಆಮೇಲೆ ಯಾವ ಕಾಯಿಲೆಗೂ ಖಾಸಗಿ ಕ್ಲಿನಿಕ್ಕಿನ ಕಡೆ ಮುಖ ಹಾಕಿಲ್ಲ. ಬರಮಾಡಿಕೊಳ್ಳುವ ಆಸ್ಪತ್ರೆಯಲ್ಲಿ, ಹಳ್ಳಿಯಿಂದ ಬರೆದುಕೊಟ್ಟು ಕಳಿಸಿದವರಿಗೆಂದೇ ಒಂದು ಮೇಜು ಹಾಕಿ, ಕನ್ನಡ ಮಾತಾಡುವ ಒಬ್ಬರನ್ನು ಕೂರಿಸಿ. ಎಕ್ಸ್‌ರೇ ಎಲ್ಲಿ, ರಕ್ತ ಎಲ್ಲಿ ಕೊಡಬೇಕು, ಔಷಧಿ ಯಾವ ಕಿಟಕಿ ಎಂದು ಕೈಹಿಡಿದು ತೋರಿಸಲಿ. ವಾಪಸ್ ಊರಿಗೆ ಕಳಿಸುವಾಗಲೂ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ನಾಲ್ಕು ಸಾಲು ಬರೆಯಿರಿ. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಆದವರ ಹೊಲಿಗೆ ಬಿಚ್ಚಲು, ಮಾತ್ರೆ ಮುಂದುವರಿಸಲು ಮತ್ತೆ ಬೆಂಗಳೂರಿಗೇ ಹೋಗಬೇಕಾದ ಪಾಡು ತಪ್ಪುತ್ತದೆ.

ಊರಿನವರಾದ ನಮ್ಮ ಕೈಯಲ್ಲೂ ಒಂದು ಕೆಲಸವಿದೆ. ಪ್ರತಿ ಊರಿನಲ್ಲೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಇರಬೇಕು. ಅದಕ್ಕೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಇದೆ. ಬಡವರನ್ನು ತುರ್ತಾಗಿ ಆಸ್ಪತ್ರೆಗೆ ಸಾಗಿಸಲು ಆ ಹಣದಲ್ಲಿ ಖರ್ಚು ಮಾಡಲು ಅವಕಾಶವಿದೆ. ನಿಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ ಎಂದು ಈ ವಾರ ಪಂಚಾಯಿತಿಗೆ ಹೋಗಿ ಕೇಳಿ. ಮುಂದಿನ ಸಭೆ ಎಂದು, ಕಳೆದ ವರ್ಷದ ಹಣ ಯಾವುದಕ್ಕೆ ಹೋಯಿತು ಎಂದು ಕೇಳಿ. ಆಶಾ ಕಾರ್ಯಕರ್ತೆಯ, ಸಿಸ್ಟರ್‌ನ, ಪ್ರಾಥಮಿಕ ಆರೋಗ್ಯ ಕೇಂದ್ರದ ನಂಬರುಗಳನ್ನು, 108ನ್ನು, 104ನ್ನು ಶಾಲೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಊರಿನಲ್ಲಿ ಯಾರನ್ನಾದರೂ ತುಮಕೂರಿಗೆ ಬರೆದುಕೊಟ್ಟರೆಂದು ಕೇಳಿದ ಕೂಡಲೇ, ಜೊತೆಗೆ ಯಾರು ಹೊರಟರು ಎಂದು ವಿಚಾರಿಸಿ. ಯಾರೂ ಇಲ್ಲದಿದ್ದರೆ ನೀವು ಹೊರಡಿ.